ಇಲ್ಲದ ತಾಣಗಳ ಯಾತ್ರಿಕ

ಕಾಶಿಗೆ ಹೋದವನಿಗೆ ಗಂಗೆಯಾದರೂ ಕಾಣುತ್ತಾಳೆ. ಹಳೆಯ ಕನ್ನಡ ಚಿತ್ರಗೀತೆಗಳು ಜನ್ಮವೆತ್ತಿದ ತಾಣಗಳನ್ನು ದರ್ಶಿಸಲೆಂದು ಚೆನ್ನೈಗೆ ಹೊರಡುವ ಭಕ್ತನಿಗೆ ಅಷ್ಟು ಭಾಗ್ಯವೂ ಇಲ್ಲ. ಆದರೂ ಈ ಪಂಥದವರು ನಮ್ಮಲ್ಲಿ ವಿರಳರಲ್ಲ. ಅವರಲ್ಲಿ ಒಬ್ಬರಾದರೂ ಒಂಟಿಯಾಗಿ ಯಾತ್ರೆ ಹೊರಟುದನ್ನು ನಾನು ಕೇಳಿಲ್ಲ. ಜೊತೆಗೊಬ್ಬ ಶ್ರೋತೃ ಬೇಕು. ನಮ್ಮ ಭಾವನವರ ಕೃಪೆಯಿಂದ ಆ ಪದವಿ ನನಗೆ ಪ್ರಾಪ್ತವಾಗಿದೆ.

ಭಾವನವರಿಗೂ ಶ್ರುತಿಗೂ ಬಹುಕಾಲದ ವೈರ. ಹಾಗಿದ್ದರೂ ಯಾವ ಹಾಡು ಯಾವ ಸ್ಟುಡಿಯೋದಲ್ಲಿ ಮುದ್ರಣವಾಯಿತು, ಅಂದು ಪಿಟೀಲಿನವರು ಯಾವ ಮೂಲೆಯಲ್ಲಿ ಕುಳಿತಿದ್ದರು ಎಂಬುದನ್ನೆಲ್ಲ ತಾವೇ ಎದುರಿಗಿದ್ದವರಂತೆ ವರ್ಣಿಸುತ್ತಾರೆ. ನನ್ನನ್ನು ಚೆನ್ನೈಗೆ ಕರೆದೊಯ್ದಾಗ, ‘ಬೇಡರ ಕಣ್ಣಪ್ಪ’ ಚಿತ್ರದ ಸಹನಿರ್ಮಾಪಕರಾಗಿದ್ದ ಎವಿಎಂ ಸ್ಟುಡಿಯೋದವರ ಬಾಗಿಲ ಭೂಗೋಳದ ಮುಂದೆ ಚಪ್ಪಲಿ ಕಳಚಿ ನಿಂತರು. ವಿಜಯಾ-ವಾಹಿನಿ ಸ್ಟುಡಿಯೋ ಇದ್ದೆಡೆಯಲ್ಲಿ ಈಗ ಆಸ್ಪತ್ರೆಯೂ ಮಾಲೂ ಎದ್ದಿವೆ, ಆ ಮಾಲಿನೊಳಗಿನ ಬಟ್ಟೆಯಂಗಡಿಯೊಂದರ ಎದುರು ಕಣ್ಮುಚ್ಚಿ, “ವಾದ್ಯಗಾರರೆಲ್ಲ ಇಲ್ಲೇ ಕಣೋ!” ಎಂದು ಕೈಯೆತ್ತಿದಾಗ, ಅಂಗಡಿಯ ಹುಡುಗ ಪಾಪ, ಅಳತೆಗೆಂದು ಭಾವಿಸಿ ಟೇಪು ಹಿಡಿದು ಬಂದ.

ಇದನ್ನೆಲ್ಲ ನಾನು ಸಹಿಸಿದ್ದು ಹೊಟ್ಟೆಯ ಆಸೆಯಿಂದ. “ತಿಂಡಿ ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್‌ನಲ್ಲಿ” ಎಂದು ಬೆಳಗಿನಿಂದ ಆಣೆಯಿಡುತ್ತಿದ್ದರು. ಉಡುಪಿಯ ಕೃಷ್ಣರಾಯರು ಕಟ್ಟಿದ, ಕಾರಿನಲ್ಲಿ ಕುಳಿತವರಿಗೆ ಅಲ್ಲಿಗೇ ತಟ್ಟೆ ತಂದುಕೊಡುತ್ತಿದ್ದ ಆ ಹೋಟೆಲಿನ ದೋಸೆಯನ್ನು ನೆನೆಯುತ್ತ, ಕಾಫಿಯನ್ನೂ ತ್ಯಜಿಸಿ, ಸುಡುಬಿಸಿಲಿನಲ್ಲಿ ಆಟೋ ಇಳಿದು ನೋಡುತ್ತೇನೆ: ಉದ್ಯಾನ! ಟಿಕೆಟ್ ಕೊಂಡು ಒಳಹೊಕ್ಕರೆ ಹುಲ್ಲು, ಹೂ, ಕಾರಂಜಿ.

“ಭಾವ, ಹೋಟೆಲು?”

“2008ರಲ್ಲೇ ಮುಚ್ಚಿತಲ್ಲ!” ಎಂದರು, ಕಿಂಚಿತ್ತೂ ಅಳುಕದೆ. “ನಿನಗೆ ದೋಸೆಯದೇ ಚಿಂತೆ. ಪಿ. ಬಿ. ಶ್ರೀನಿವಾಸ್ ಗಂಟೆಗಟ್ಟಲೆ ಕೂತು ಬರೆಯುತ್ತಿದ್ದ ಜಾಗ ಇದು.”

ಆ ಕ್ಷಣ ಅವರನ್ನು ಕಾರಂಜಿಗೆ ನೂಕಬೇಕೆನಿಸಿದ್ದು ಸುಳ್ಳಲ್ಲ. ಆದರೆ ಜೇಬಿನ ತುಂಬ ಬಣ್ಣಬಣ್ಣದ ಪೆನ್ನುಗಳನ್ನು ಸಿಕ್ಕಿಸಿಕೊಂಡು, ಹಲವು ಭಾಷೆಗಳಲ್ಲಿ ಪದ್ಯ ರಚಿಸುತ್ತಿದ್ದ ಆ ಗಾಯಕರ ಮಾತು ಬಂದೊಡನೆ ಭಾವನವರ ಕಂಠ ಗದ್ಗದವಾಯಿತು. ಕಾಕಿನಾಡದಲ್ಲಿ ಹುಟ್ಟಿದವರ ದನಿಯನ್ನು ರಾಜ್‌ಕುಮಾರರ ದನಿಯೆಂದೇ ನಂಬಿ ಬೆಳೆದ ನಾವು, ನಮ್ಮ ಮನೆಯಂಗಳದ್ದೆಂದು ಭಾವಿಸಿದ ಎಷ್ಟೋ ಹಾಡುಗಳು ಈ ಪರವೂರಿನಲ್ಲಿ, ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರಂಥವರ ಕೈಕೆಳಗೆ, ಹೆಸರೂ ತಿಳಿಯದ ವಾದ್ಯಗಾರರ ಶ್ರಮದಿಂದ ಸಿದ್ಧವಾದುವೆಂಬುದನ್ನು ಎಷ್ಟು ಜನ ನೆನೆದೇವು? ನೆನೆಯಲು ಭಾವನವರಂಥ ಉಪದ್ರವಿಗಳೇ ಬೇಕಾಯಿತಲ್ಲ! ಹೀಗೆ ಮನಸ್ಸು ಕರಗುವಷ್ಟರಲ್ಲಿ ಅವರು ಹಾಡತೊಡಗಿದರು. ಕಾವಲಿನವನು ಬಂದ.

ಓದುಗ ಮಹಾಶಯರೇ, ನಿಮಗೂ ಇಂಥ ಭಾವನವರಿದ್ದು ಕರೆದರೆ ಅವಶ್ಯವಾಗಿ ಹೋಗಿರಿ. ತಿಂಡಿಯನ್ನು ಮಾತ್ರ ಮೊದಲೇ ಮುಗಿಸಿಕೊಳ್ಳಿರಿ.