ಗ್ರಾಮೀಣ ರಸಮಂಜರಿ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಹೋಗಿ ಆರ್ಕೆಸ್ಟ್ರಾ ಕೇಳುವುದು. ಸಂಬಂಧ, ರಕ್ತಸಂಬಂಧ. ಅಧಿಕಾರಿ, ಸೋಮವಾರ ಬೆಳಿಗ್ಗೆ ಆಫೀಸಿದೆ ಎಂದು ಗೊತ್ತಿದ್ದೂ ಹೊರಟವನು. ಪ್ರಯೋಜನವನ್ನು ನಮ್ಮ ದೊಡ್ಡಪ್ಪನೇ ಹೇಳಬೇಕು. ಗಣಪತಿ ಸಮಿತಿಯ ಖಜಾಂಚಿ ಅವರೇ.

ಕ್ಷೇತ್ರ: ತಿಪಟೂರಿಗೂ ಅರಸೀಕೆರೆಗೂ ನಡುವೆ, ತೆಂಗಿನ ತೋಟಗಳಲ್ಲಿ ಅರ್ಧ ಮುಚ್ಚಿಹೋದ ಒಂದು ಊರು. ಕಾಲ: 2024. ಆ ವರ್ಷ ಗೌರಿ ಶುಕ್ರವಾರ, ಗಣಪತಿ ಸೆಪ್ಟೆಂಬರ್ 7ರ ಶನಿವಾರ. ಬರಬೇಕಾಗಿದ್ದ ಒಂದು ರಜೆ ಶನಿವಾರದಲ್ಲಿ ಕರಗಿಹೋಯಿತೆಂದು ಬೆಂಗಳೂರಿನ ಆಫೀಸುಗಳು ಕೊರಗುತ್ತಿದ್ದರೆ, ನಮ್ಮೂರ ಸಮಿತಿಗೆ ಹಿಗ್ಗೋ ಹಿಗ್ಗು. ಬೆಂಗಳೂರಿನ ಹುಡುಗರು ಹೇಗೂ ಬರುತ್ತಾರೆ, ಭಾನುವಾರ ರಾತ್ರಿ ಆರ್ಕೆಸ್ಟ್ರಾ ಇಟ್ಟರೆ ಚಂದಾ ವಸೂಲಿ ಸಲೀಸು.

ಗಮನ ಪ್ರಕರಣ

ಮೆಜೆಸ್ಟಿಕ್ಕಿನಿಂದ ತಿಪಟೂರಿಗೆ ಸುಮಾರು 140 ಕಿಲೋಮೀಟರ್. ಹಬ್ಬದ ಹಿಂದಿನ ರಾತ್ರಿ ನೆಲಮಂಗಲ ದಾಟುವಷ್ಟರಲ್ಲಿ ಮನುಷ್ಯನಿಗೆ ವೈರಾಗ್ಯ ಬಂದಿರುತ್ತದೆ. ಗೊರಗುಂಟೆಪಾಳ್ಯದಲ್ಲಿ ಬ್ಯಾಗು ತಬ್ಬಿಕೊಂಡು ನಿಲ್ಲುವುದರ ಬಗ್ಗೆ ಈಗಾಗಲೇ ಎಲ್ಲರೂ ಬರೆದಿದ್ದಾರೆ. ಮುಂದಕ್ಕೆ ಹೋಗೋಣ.

ಗೃಹ ಪ್ರಕರಣ

"ಗಂಗೆಯಲ್ಲಿ ಹಳ್ಳಿ" ಎಂಬುದು ಆಲಂಕಾರಿಕರು ಶತಮಾನಗಳಿಂದ ಸವೆಸಿರುವ ಉದಾಹರಣೆ. ಹಳ್ಳಿ ನೀರಿನ ಮೇಲೆ ತೇಲುತ್ತಿಲ್ಲ, ದಡದಲ್ಲಿದೆ ಎಂಬುದು ಲಕ್ಷ್ಯಾರ್ಥ. ಅಲ್ಲಿ ತಂಪಿದೆ, ಪಾವಿತ್ರ್ಯವಿದೆ ಎಂಬುದು ವ್ಯಂಗ್ಯಾರ್ಥ. ಈ ಪಂಡಿತರು ಹಬ್ಬದ ದಿನ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಿದ್ದರೆ ಗಂಗೆಯವರೆಗೆ ಹೋಗುವ ಶ್ರಮ ತಪ್ಪುತ್ತಿತ್ತು. "ಬಸ್ಸಲ್ಲಿ ಸೀಟ್ ಸಿಕ್ತೇನಪ್ಪ?" ಎಂದು ಅಮ್ಮ ಕೇಳುತ್ತಾಳೆ. ವಾಚ್ಯಾರ್ಥ ಸೀಟು. ಲಕ್ಷ್ಯಾರ್ಥ, ಇಷ್ಟು ತಡವೇಕೆ. ವ್ಯಂಗ್ಯಾರ್ಥ, ಯುಗಾದಿಗೆ ಯಾಕೆ ಬರಲಿಲ್ಲ. "ಇನ್ನೂ ಅದೇ ಮನೇಲೇ ಇದೀರಾ?" ಎಂದು ಅತ್ತೆ ಕೇಳಿದರೆ, ನಾವು ಸೈಟು ಕೊಳ್ಳಲಿಲ್ಲ ಎಂಬುದು ಗೌರಿಗೂ ಕೇಳುವಂತೆ ಧ್ವನಿಸುತ್ತದೆ. ಅಪ್ಪನದು ಮೌನ, ಅವರ ಕಣ್ಣು ಟಿವಿ ಮೇಲೆ. ಆಲಂಕಾರಿಕರು ಕೈಬಿಟ್ಟ ವಿಭಾಗ ಇದೊಂದೇ. ಇದನ್ನು ಮುಂದೆ ವಿಚಾರಿಸಲಾಗುವುದು.

ಗೌರಿ ದಾರಕ್ಕೆ 16 ಗಂಟು, ಗಣಪತಿಗೆ 21 ಕಡುಬು, ಬಾಗಿನಕ್ಕೆ ಎರಡು ಮೊರ. ಹಬ್ಬದಲ್ಲಿ ಎಲ್ಲಕ್ಕೂ ಲೆಕ್ಕವಿದೆ. ಬೆಂಗಳೂರಿನಿಂದ ಬಂದವನ ಎಲೆಗೆ ಬೀಳುವ ಒಬ್ಬಟ್ಟಿಗೆ ಮಾತ್ರ ಇಲ್ಲ. "ಏನ್ ಸೊರಗೋಗಿದೀಯ ನೋಡು" ಎನ್ನುತ್ತಾ ಇನ್ನೊಂದು ಬಡಿಸಿದ ಅಮ್ಮ, ಕೈ ಒರೆಸಿಕೊಂಡು ನನ್ನ ಪ್ಯಾಂಟಿನ ಸೊಂಟವನ್ನು ದಿಟ್ಟಿಸಿದಳು. ಇಲ್ಲಿ ವಾಚ್ಯಕ್ಕೂ ಪ್ರತ್ಯಕ್ಷ ಪ್ರಮಾಣಕ್ಕೂ ವಿರೋಧ. ಮೀಮಾಂಸಕರ ಮಾತು ಬಿಡಿ, ನಮ್ಮ ಮನೆಯಲ್ಲಿ ಇಂಥ ಕಡೆ ತುಪ್ಪ ಹಾಕಿ ವಿರೋಧವನ್ನು ಪರಿಹರಿಸುತ್ತಾರೆ.

ಪೂರ್ವರಂಗ ಪ್ರಕರಣ

ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವಿಡೀ ಪೂರ್ವರಂಗಕ್ಕೇ ಮೀಸಲು. ನಾಟಕ ಶುರುವಾಗುವ ಮುಂಚೆ 19 ಅಂಗಗಳು ನಡೆಯಬೇಕು, ಅವುಗಳಲ್ಲಿ ಮೊದಲ ಒಂಬತ್ತು ತೆರೆಯ ಹಿಂದೆ. ವಾದ್ಯಗಳನ್ನು ಜೋಡಿಸುವುದು ಪ್ರತ್ಯಾಹಾರ. ಗಾಯಕರು ಬಂದು ಕೂರುವುದು ಅವತರಣ. ಕಂಠ ಹದಮಾಡಿಕೊಳ್ಳುವುದು ಆರಂಭ. ವಾದ್ಯಗಳನ್ನು ಸರಿಮಾಡಿಕೊಳ್ಳುವುದು ಆಶ್ರಾವಣ. ವಾದ್ಯವೃಂದಕ್ಕೆ ಅವನು ಇಟ್ಟ ಹೆಸರು ಕುತಪ.

ನಮ್ಮೂರಲ್ಲಿ ತೆರೆ ಇಲ್ಲದ ಕಾರಣ ಈ ಒಂಬತ್ತನ್ನೂ ಊರೇ ನೋಡುತ್ತದೆ, ಕೆಲವರಂತೂ ಇಷ್ಟನ್ನೇ ನೋಡಿ ಎದ್ದು ಹೋಗುತ್ತಾರೆ. ಕರಪತ್ರದಲ್ಲಿ "ಸಂಜೆ 7ಕ್ಕೆ ಸರಿಯಾಗಿ" ಎಂದಿತ್ತು. ಏಳಕ್ಕೆ ಸರಿಯಾಗಿ ಎರಡು ಟ್ರ್ಯಾಕ್ಟರ್ ಟ್ರೈಲರುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಹಲಗೆ ಹಾಸಿ, ಮೇಲೆ ಮದುವೆಮನೆಯ ಕೆಂಪು ಜಮಖಾನ ಎಳೆದರು. ರಂಗಮಂದಿರ ಆಯತವೋ ಚೌಕವೋ ತ್ರಿಕೋನವೋ ಎಂದು ಮೂರು ವಿಧ ಹೇಳಿ, ಮನುಷ್ಯರಿಗೆ 64 ಮೊಳ ಉದ್ದ 32 ಮೊಳ ಅಗಲದ ಆಯತವೇ ಹಿತ ಎಂದಿದ್ದಾನೆ ಭರತ. ಟ್ರೈಲರು ಆಯತವೇ; ಮೊಳದ ಲೆಕ್ಕ ಕೇಳುವವರು ಟ್ರ್ಯಾಕ್ಟರಿನ ಮಾಲೀಕರನ್ನು ವಿಚಾರಿಸುವುದು.

ಎಂಟೂಮುಕ್ಕಾಲಿಗೆ ಕುತಪದ ಟೆಂಪೋ ಬಂತು. ಕೀಬೋರ್ಡಿನವನು ಸ್ಟ್ಯಾಂಡಿನ ಕಾಲು ಬಿಡಿಸಿ, ಕೀಬೋರ್ಡು ಇಟ್ಟು, ಅದರ ಮುಂದೆ ಒಂದು ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿ ಕೈಮುಗಿದ. ರಿದಂ ಪ್ಯಾಡಿನ ಹುಡುಗ ತನ್ನ ಕೋಲುಗಳ ಹಿಡಿಗೆ ಸುತ್ತಿದ್ದ ಕಪ್ಪು ಇನ್ಸುಲೇಷನ್ ಟೇಪನ್ನು ಹಲ್ಲಿನಿಂದ ಕಚ್ಚಿ ಬಿಗಿಮಾಡಿಕೊಂಡ. ಮೈಕಿನವನು ಬಾಯಿಂದ ಉಫ್ ಎಂದು ಊದಿದ. ಆ ಉಫ್ ಕೆರೆ ಏರಿಯವರೆಗೆ ಹೋಗಿ ಎಕೋ ಸಮೇತ ವಾಪಸ್ ಬಂದದ್ದೇ ಆಶ್ರಾವಣ ಮುಗಿಯಿತೆಂದು ಪರಿಗಣಿಸಲಾಯಿತು.

ವಾದ್ಯ ಪ್ರಕರಣ

ತಂತಿಯದು ತತ, ಚರ್ಮ ಬಿಗಿದದ್ದು ಅವನದ್ಧ, ತಾಳದಂಥದ್ದು ಘನ, ಊದುವುದು ಸುಷಿರ. ಈ ನಾಲ್ಕರಲ್ಲಿ ರಿದಂ ಪ್ಯಾಡು ಯಾವುದು? ಬಡಿಯುತ್ತಾರೆ, ಚರ್ಮವಿಲ್ಲ. ಘನವೆನ್ನೋಣವೆಂದರೆ ತಮಟೆ ಸದ್ದು ಬರುತ್ತದೆ. ಅದರ ಎಂಟು ಚೌಕಗಳಲ್ಲಿ ಒಂದನ್ನು ಮುಟ್ಟಿದರೆ ಢೋಲಕ್, ಪಕ್ಕದ್ದನ್ನು ಮುಟ್ಟಿದರೆ ಗಾಜು ಒಡೆದ ಸದ್ದು. ಈ ಗಾಜಿನ ಸದ್ದಿಲ್ಲದೆ ಯಾವ ಮಿಮಿಕ್ರಿಯೂ ನಡೆಯದು. ನಿವೃತ್ತ ಹೆಡ್‌ಮಾಸ್ಟರರ ಅಭಿಪ್ರಾಯದಲ್ಲಿ ಇದು ವಾದ್ಯವೇ ಅಲ್ಲ. ದೊಡ್ಡಪ್ಪನ ಸಿದ್ಧಾಂತ ಬೇರೆ: "ಒಬ್ಬನೇ ಆರು ಜನದ ಕೆಲ್ಸ ಮಾಡ್ತಾನೆ ಕಣೋ, ಊಟ ಮಾತ್ರ ಒಬ್ಬಂದೇ." ಖಜಾಂಚಿಯ ದೃಷ್ಟಿಯಿಂದ ನೋಡಿದರೆ ಭರತನ ನಾಲ್ಕು ವರ್ಗಗಳೂ ದುಬಾರಿ.

ರಸ ಪ್ರಕರಣ

ಭಾನುದತ್ತನೆಂಬ ಸಂಸ್ಕೃತ ಆಲಂಕಾರಿಕನೂ ರಸಮಂಜರಿ ಎಂಬ ಪುಸ್ತಕ ಬರೆದಿದ್ದಾನೆ, ಅದು ನಾಯಿಕೆಯರ ವಿಂಗಡಣೆಯ ಗ್ರಂಥ. ನಮ್ಮ ಆರ್ಕೆಸ್ಟ್ರಾಕ್ಕೆ 'ರಸಮಂಜರಿ' ಎಂದು ಬ್ಯಾನರು ಬರೆಸಿದ ಹುಡುಗರು ಅದನ್ನು ಓದಿದ್ದರೆಂಬುದಕ್ಕೆ ಆಧಾರ ಸಿಕ್ಕಿಲ್ಲ.

ಹಾಡುಗಳ ಅನುಕ್ರಮವನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಲ್ಲ. ಮೊದಲು ಗಣಪತಿ. ಆಮೇಲೆ ಊರಮ್ಮ. ಮೂರನೆಯದು 1993ರ 'ಆಕಸ್ಮಿಕ'ದಲ್ಲಿ ರಾಜ್‌ಕುಮಾರ್ ಜಟಕಾ ಗಾಡಿಯ ಮೇಲೆ ಹಾಡಿದ, ಹಂಸಲೇಖರ ಹಾಡು. ಇದು ಬರದೆ ಮುಂದಿನದನ್ನು ಊರು ಬಿಡುವುದಿಲ್ಲ. ನಂತರ ಶಂಕರ್‌ನಾಗ್ ಅವರ 'ಗೀತಾ' ಚಿತ್ರದ ಕುಣಿತ. 1981ರಲ್ಲಿ ಹುಟ್ಟಿರದ ಹುಡುಗರೆಲ್ಲ ಅದಕ್ಕೆ ಟವೆಲ್ ಬೀಸುತ್ತಾರೆ. 'ಪ್ರೇಮಲೋಕ'ದ ಡ್ಯೂಯೆಟ್‌ಗೆ ನನ್ನ ವಯಸ್ಸಿನವರು ಮೊಬೈಲಿನ ಟಾರ್ಚು ಹಚ್ಚುತ್ತಾರೆ, ಹೆಂಡತಿ ಪಕ್ಕದಲ್ಲಿದ್ದರೆ ಆರಿಸುತ್ತಾರೆ. ಜೂನಿಯರ್ ವಿಷ್ಣುವರ್ಧನ್ ಬಂದು ಕೈಯ ಕಡಗ ತಿರುಗಿಸುವುದು ವೀರರಸ, ಗೋಣಿಚೀಲದ ಮೇಲೆ ಕೂತ ಮಕ್ಕಳಿಗೆ ಅದು ಅದ್ಭುತ. ಹಾಡುಗಾರ್ತಿ ಸಾಹಿತ್ಯವನ್ನು ಮೊಬೈಲಿನಲ್ಲಿ ನೋಡಿಕೊಂಡು ಹಾಡುವಾಗ ಮನೆಯಿಂದ ಕರೆ ಬಂದರೆ ಚರಣದ ನಡುವೆ ಹುಟ್ಟುವುದು ಹಾಸ್ಯ. ಶಾಂತರಸ ಭರತನ ಮೂಲ ಪಟ್ಟಿಯ ಎಂಟರಲ್ಲಿ ಇಲ್ಲ, ಆಮೇಲೆ ಸೇರಿದ್ದು. ನಮ್ಮೂರಲ್ಲಿ ಅದನ್ನು ಸೇರಿಸುವ ಹೊಣೆ ಪೊಲೀಸರದು.

ಘಾತ-ಸಿದ್ಧಿ ಪ್ರಕರಣ

ಪ್ರಯೋಗಕ್ಕೆ ಒದಗುವ ಘಾತಗಳ ಪಟ್ಟಿಯಲ್ಲಿ ಭರತ ಗಾಳಿ, ಬೆಂಕಿ, ಮಳೆ, ಆನೆ, ಹಾವು, ಹುಳು, ಇರುವೆ, ಪಶುಗಳನ್ನು ಹೆಸರಿಸುತ್ತಾನೆ. ಯಾವ ತಾಲ್ಲೂಕಿನಲ್ಲಿ ಕೂತು ಬರೆದನೋ, ಅನುಭವವಂತೂ ನಮ್ಮೂರದೇ. ಆನೆ ಒಂದನ್ನು ಬಿಟ್ಟರೆ ಉಳಿದವಕ್ಕೆ ಕೊರತೆಯಿರಲಿಲ್ಲ. ಮಳೆ ಹನಿದು ನಿಂತಿತು. ಮಳೆಹುಳುಗಳು ಲೈಟಿಗೆ ಮುತ್ತಿ, ಉದ್ದನೆಯ ಆಲಾಪದ ಹೊತ್ತಿಗೆ ಒಂದು ಗಾಯಕನ ಬಾಯಿಯನ್ನೂ ಪ್ರವೇಶಿಸಿತು. ಬಸವಣ್ಣನ ಗುಡಿಗೆ ಬಿಟ್ಟ ಹೋರಿ ಸಭೆಯ ಮಧ್ಯೆ ನಡೆದುಹೋಯಿತು, ಜನ ಎದ್ದು ದಾರಿ ಬಿಟ್ಟರು. ಮುಖ್ಯ ಅತಿಥಿಗಳು ಬಂದಾಗ ಅಷ್ಟು ಜನ ಎದ್ದಿರಲಿಲ್ಲ. ಕರೆಂಟೂ ಹೋಯಿತು. ಮೊತ್ತಮೊದಲ ನಾಟಕಕ್ಕೆ ವಿಘ್ನಗಳು ಕವಿದಾಗ ಇಂದ್ರ ಜರ್ಜರವೆಂಬ ಧ್ವಜದಂಡದಿಂದ ಅವನ್ನು ಬಡಿದನಂತೆ. ನಮ್ಮ ಜರ್ಜರ ಡೀಸೆಲ್ಲಿನದು, ಹಗ್ಗ ಎಳೆದರೆ ಹೊತ್ತಿಕೊಳ್ಳುತ್ತದೆ.

ಪ್ರಯೋಗ ಗೆದ್ದಿತೆಂಬುದಕ್ಕೆ ಮಾನುಷೀ ಸಿದ್ಧಿಯ ಗುರುತುಗಳೂ ಅಲ್ಲೇ ಇವೆ: ಪ್ರೇಕ್ಷಕರು ನಗುವುದು, ಭಲೆ ಎನ್ನುವುದು, ರೋಮಾಂಚಗೊಳ್ಳುವುದು, ಕೂತಲ್ಲಿಂದ ಏಳುವುದು, ಬಟ್ಟೆಯನ್ನೋ ಉಂಗುರವನ್ನೋ ಎಸೆಯುವುದು. ಇಲ್ಲಿ ಒಂದು ಐತಿಹಾಸಿಕ ಪಲ್ಲಟವನ್ನು ವಿದ್ವಾಂಸರ ಗಮನಕ್ಕೆ ತರಬೇಕು. ಭರತನ ಕಾಲದಲ್ಲಿ ಬಟ್ಟೆ ಪ್ರೇಕ್ಷಕರಿಂದ ರಂಗಕ್ಕೆ ಹೋಗುತ್ತಿತ್ತು. ಈಗ ಶಾಲು ರಂಗದಿಂದ ಪ್ರೇಕ್ಷಕರಿಗೆ ಬರುತ್ತದೆ. ಪಂಚಾಯ್ತಿ ಸದಸ್ಯರು, ಸೊಸೈಟಿ ನಿರ್ದೇಶಕರು, ಶಾಮಿಯಾನದವರು, ಅವರ ಭಾವಮೈದ, ಹೀಗೆ ಕಲಾವಿದರನ್ನು ಮಾತ್ರ ಬಿಟ್ಟು ಎಲ್ಲರಿಗೂ ಶಾಲು. ಪ್ರತಿ ಎರಡು ಹಾಡಿಗೊಮ್ಮೆ ದಾನಿಗಳ ಪಟ್ಟಿ. ಅದರಲ್ಲಿ ಒಮ್ಮೆ "ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವ, ನಮ್ಮೂರಿನ ಹೆಮ್ಮೆಯ ಪುತ್ರರಿಂದ 5,001 ರೂಪಾಯಿ" ಎಂಬ ಘೋಷಣೆ ಕೇಳಿ ನಾನೂ ಚಪ್ಪಾಳೆ ತಟ್ಟಿದೆ. ಹಿಂದೆಯೇ ನನ್ನ ಹೆಸರು ಬಂತು. ನಾನು ಅಕೌಂಟ್ಸ್ ವಿಭಾಗದವನು. ದುಡ್ಡನ್ನೂ ಕೊಟ್ಟಿರಲಿಲ್ಲ. ಖಜಾಂಚಿಗಳು ಕಂಬದ ಪಕ್ಕದಿಂದ ಕಣ್ಣು ಮಿಟುಕಿಸಿದರು.

ಧ್ವನಿ ಪ್ರಕರಣ

ಈಗ ಬಾಕಿ ಉಳಿಸಿಕೊಂಡ ಮೌನದ ವಿಚಾರ. ಒಂಬತ್ತನೆಯ ಶತಮಾನದ ಆನಂದವರ್ಧನ ಕಾವ್ಯದ ಆತ್ಮ ಧ್ವನಿ ಎಂದ. ಅವನ ಮುಂದೆ ನಮ್ಮ ಆರ್ಕೆಸ್ಟ್ರಾದ ಬಾಕ್ಸುಗಳು ಇದ್ದಿರಲಿಲ್ಲವಾದ್ದರಿಂದ ಧ್ವನಿಯ ಇನ್ನೊಂದು ಉಪಯೋಗ ಅವನಿಗೆ ಹೊಳೆದಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಸದ್ದಿಗೆ ಸರ್ಕಾರದ ಮಿತಿ 55 ಡೆಸಿಬೆಲ್. ಅತ್ತೆಯ ಪಿಸುಮಾತೇ ಅದನ್ನು ದಾಟುತ್ತದೆ. ಆರ್ಕೆಸ್ಟ್ರಾ ಎಷ್ಟಿತ್ತೆಂದರೆ, ಎದೆಯೊಳಗಿನ ಬಡಿತ ನನ್ನದೋ ಪ್ಯಾಡಿನ ಹುಡುಗನದೋ ತಿಳಿಯುತ್ತಿರಲಿಲ್ಲ.

ಹೀಗಿರುವಾಗ, 'ಬಂಧನ'ದ ದುಃಖದ ಹಾಡು ನಡೆಯುತ್ತಿದ್ದಾಗ, ಶುಕ್ರವಾರದಿಂದ ಮಾತಾಡದ ಅಪ್ಪ ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದು, ನನ್ನ ಕಿವಿಗೆ ಬಾಯಿಟ್ಟರು. ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ಬೆಂಬಲ ಬೆಲೆ ಎಂದರೂ ತೋಟದಲ್ಲಿ ಕಾಯಿ ಕಮ್ಮಿ ಎಂದರು. ಮಂಡಿಗೆ ಆಪರೇಷನ್ ಮಾಡಿಸಬೇಕಂತೆ ಎಂದರು. ತಮ್ಮದಲ್ಲ, ಅಮ್ಮನದು, "ಹೇಳ್ಬೇಡ ಅಂದವ್ಳೆ." ನಾನು ಏನೋ ಕಿರುಚಿದೆ. ಕೇಳಲಿಲ್ಲವೆಂಬಂತೆ ತಲೆಯಾಡಿಸಿ, ಕೇಳಿಸಿತೆಂಬಂತೆ ನನ್ನ ತೊಡೆ ತಟ್ಟಿ, ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ನಡುಮನೆಯಲ್ಲಿ ಆಡಲಾಗದ ಮಾತಿಗೆ ಇಷ್ಟು ಸದ್ದು ಬೇಕು. ಉತ್ತರ ಕೊಡಬೇಕಾದ ಕಷ್ಟ ಮಗನಿಗಿಲ್ಲ, ಕೇಳಬೇಕಾದ ಕಷ್ಟ ಅಪ್ಪನಿಗಿಲ್ಲ. ಸುತ್ತ ನೋಡಿದರೆ ಊರ ತುಂಬ ಕುರ್ಚಿಗಳು ಇದೇ ರೀತಿ ಜೋಡಿಯಾಗಿ ವಾಲಿದ್ದವು. ಟಿಳಕರು 1893ರಲ್ಲಿ ಗಣಪತಿಯನ್ನು ಬೀದಿಗೆ ತಂದದ್ದು ಬ್ರಿಟಿಷರ ವಿರುದ್ಧ ಜನರನ್ನು ಕೂಡಿಸಲು ಎನ್ನುತ್ತಾರೆ. ಕೂಡಿದ ಜನ ಕಿವಿಯಲ್ಲಿ ಏನು ಮಾತಾಡಿಕೊಂಡರೆಂದು ಯಾವ ಚರಿತ್ರೆಕಾರನೂ ಬರೆಯಲಿಲ್ಲ. ಸದ್ದಿತ್ತಲ್ಲ.

ವಿಸರ್ಜನ ನಿರ್ಣಯ

ಗಣಪತಿಯನ್ನು ಬೆಸ ದಿನಗಳಲ್ಲಿ ಬಿಡುವುದು ರೂಢಿ. ಶನಿವಾರ ಕೂರಿಸಿದರೆ ಭಾನುವಾರ ಎರಡನೆಯ ದಿನ, ಸಮ. ಇದು ಪೂರ್ವಪಕ್ಷ, ಪೂಜೆಯ ಭಟ್ಟರದು. ರಾತ್ರಿ 12 ದಾಟಿದರೆ ಸೋಮವಾರ, ಮೂರನೆಯ ದಿನ ಬಂದಂತೆ ಎಂದರು ದೊಡ್ಡಪ್ಪ. ದಿನ ಹುಟ್ಟುವುದು ಸೂರ್ಯೋದಯಕ್ಕೆ, ಗಡಿಯಾರಕ್ಕಲ್ಲ ಎಂದರು ಭಟ್ಟರು. ಅಷ್ಟರಲ್ಲಿ ಮೂರನೆಯ ಪ್ರಮಾಣವಾಗಿ ಪೊಲೀಸ್ ಜೀಪು ಬಂತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ 12ರವರೆಗೆ ಸಡಿಲಿಸಬಹುದು. ಮೂರು ಶಾಸ್ತ್ರಗಳು ಡಿಕ್ಕಿ ಹೊಡೆದಾಗ ಮಾಡಬೇಕಾದ್ದನ್ನೇ ಸಮಿತಿ ಮಾಡಿತು: ಕೊನೆಯ ಹಾಡು ಎಂದು ಘೋಷಿಸಿತು, ಮತ್ತೆ ಘೋಷಿಸಿತು, ಜೀಪಿನವರಿಗೆ ಶಾಲು ಹೊದಿಸಿತು, ಬಾಕ್ಸು ಆರಿಸಿತು. ಆಮೇಲೆ ಬರಿಯ ತಮಟೆಯಲ್ಲಿ ಮೆರವಣಿಗೆ ಎಷ್ಟು ನಿಧಾನವಾಗಿ ಹೊರಟಿತೆಂದರೆ, ಕೆರೆ ಮುಟ್ಟುವಾಗ ಪೂರ್ವ ಕೆಂಪಗಾಗಿತ್ತು. ಭಟ್ಟರ ಸೂರ್ಯ ಹುಟ್ಟಿದ, ಮೂರನೆಯ ದಿನವೂ ಹುಟ್ಟಿತು. ನನ್ನ ರೈಲು ತಪ್ಪಿತು.

ಬಸ್ ಸ್ಟ್ಯಾಂಡಿಗೆ ದೊಡ್ಡಪ್ಪನೇ ಬೈಕಿನಲ್ಲಿ ಬಿಟ್ಟರು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದರಲ್ಲಿ ಬೆರಳೆಣಿಕೆ. 2025ರಲ್ಲಿ ಹಬ್ಬ ಆಗಸ್ಟ್ 27, ಬುಧವಾರ. ಬುಧ, ಗುರು, ಶುಕ್ರ, ಶನಿ, ಭಾನು. "ಭಾನುವಾರ ಐದ್ನೇ ದಿನ ಬತ್ತದೆ ಕಣ್ಲಾ, ಬೆಸ! ಭಟ್ರು ಬಾಯ್ ಬಿಡಂಗಿಲ್ಲ. ರಜ ಈಗ್ಲೇ ಹೇಳ್ಬುಟ್ಟಿರು," ಎಂದು ಗಾಡಿ ನಿಲ್ಲಿಸಿ, ಫೋನು ತೆಗೆದು, 5,001ಕ್ಕೆ ಸ್ಕ್ಯಾನ್ ಮಾಡುವ ಚೌಕವನ್ನು ನನ್ನ ಮುಖಕ್ಕೆ ಹಿಡಿದರು.