124.80 ಅಡಿ ಸಿದ್ಧಾಂತ: ಬೆಳಗೊಳದ ಗಿಟಾರುಗಾರನ ರೆಕಾರ್ಡಿಂಗ್ ತಂತ್ರಾಂಶ ಕುರಿತು ಒಂದು ಪ್ರೌಢ ಪ್ರಬಂಧ

ವಿದ್ವಜ್ಜನರಲ್ಲಿ ಅರಿಕೆ. ಮನೆಯಲ್ಲೇ ಕೂತು ಗಿಟಾರ್ ನುಡಿಸಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವ ತಂತ್ರಾಂಶ ಹೇಗಿರಬೇಕು ಎಂಬ ಬಗ್ಗೆ ಲೋಕದಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಆದರೆ ಅದರಲ್ಲೆಲ್ಲ ಒಂದು ಮಹಾಲೋಪ ಹಾಗೇ ಉಳಿದುಕೊಂಡು ಬಂದಿದೆ: ಯಾರೊಬ್ಬರೂ ಬೆಳಗೊಳವನ್ನು ಗಣನೆಗೆ ತೆಗೆದುಕೊಂಡಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಈ ಊರಿಗೆ ಒಂದು ಕಡೆ ಕನ್ನಂಬಾಡಿ ಕಟ್ಟೆ (ಅದೇ ಕೆಆರ್‌ಎಸ್), ಇನ್ನೊಂದು ಕಡೆ ಮೈಸೂರು. ಮೈಸೂರಿಗೆ ಕಾವೇರಿ ನೀರೆತ್ತುವ ಪಂಪ್‌ಹೌಸು ಇಲ್ಲಿದೆ, ಕೈಗಾರಿಕಾ ಪ್ರದೇಶ ಇದೆ, ಅರಸೀಕೆರೆ ಕಡೆ ಹೋಗುವ ರೈಲಿನ ನಿಲ್ದಾಣವಿದೆ, ಗದ್ದೆಬಯಲಿನ ಕಪ್ಪೆಗಳಿವೆ. ಧ್ವನಿಮುದ್ರಣಕ್ಕೆ ಇಷ್ಟೊಂದು ವಿಘ್ನಗಳು ಒಂದೇ ಊರಿನಲ್ಲಿ ಕೂಡಿಬರುವುದು ದುರ್ಲಭ. ಇಲ್ಲಿ ಬಾಳಿದ ತಂತ್ರಾಂಶ ಎಲ್ಲಿ ಬೇಕಾದರೂ ಬಾಳುತ್ತದೆ ಎಂಬುದು ನಮ್ಮ ಪ್ರತಿಜ್ಞಾವಾಕ್ಯ.

ಅಧಿಕಾರಿ ವಿಚಾರ

ಶಾಸ್ತ್ರ ಯಾವುದೇ ಇರಲಿ, ಅದಕ್ಕೆ ಅಧಿಕಾರಿ ಯಾರು ಎಂದು ಮೊದಲು ನಿಶ್ಚಯಿಸಬೇಕು. ಇಲ್ಲಿ ಅಧಿಕಾರಿ ಎಂದರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಮುದ್ದೆ ಉಂಡು, ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗ. ಅವನಿಗೆ ಸಿಕ್ಕುವುದು ಮನೆಯವರೆಲ್ಲ ಮಲಗಿದ ಮೇಲಿನ ಒಂದು ಗಂಟೆ. ಅದರಲ್ಲಿ ಮುಕ್ಕಾಲು ಭಾಗ ತಂತ್ರಾಂಶ ಕೇಳುವ ಪ್ರಶ್ನೆಗಳಿಗೇ ವ್ಯಯವಾಗುತ್ತದೆ. ಪ್ರಾಜೆಕ್ಟಿನ ಹೆಸರೇನು, ಸ್ಯಾಂಪಲ್ ರೇಟ್ ಎಷ್ಟು, ಬಿಟ್ ಡೆಪ್ತ್ ಎಷ್ಟು, ಯಾವ ಫೋಲ್ಡರು? ರೇಷನ್ ಕಾರ್ಡ್ ಮಾಡಿಸುವಾಗಲೂ ಇಷ್ಟು ಕೇಳುವುದಿಲ್ಲ. ಉಳಿದ ಕಾಲುಭಾಗದಲ್ಲಿ ಒಳಕೋಣೆಯಿಂದ ಪೂರ್ವಪಕ್ಷ ಕೇಳಿಬರುತ್ತದೆ: “ಅದೇನ್ಲಾ ಮಗ, ಅರ್ಧರಾತ್ರೀಲಿ ಟೊಂಯ್ ಟೊಂಯ್ ಅಂತೀಯ, ಮನಿಕ್ಕಳಾಕಿಲ್ವಾ?” ಸಿದ್ಧಾಂತಿಯ ಉತ್ತರ: “ಒಂದೇ ಟೇಕು ಕಣಜ್ಜಿ.” ಈ ಸಂವಾದದಲ್ಲಿ ಸಿದ್ಧಾಂತಿ ಗೆದ್ದ ಉದಾಹರಣೆ ಎಲ್ಲಿಯೂ ಇಲ್ಲ.

ಈತನಿಗೆ ಎಷ್ಟು ಟ್ರ್ಯಾಕ್ ಬೇಕು? ಎರಡು ಗಿಟಾರು, ಒಂದು ಕಂಠ, ಮೇಜಿನ ಮೇಲೆ ಬೆರಳು ಕುಟ್ಟಿದ ತಾಳ; ಒಟ್ಟು ನಾಲ್ಕು. 1979ರಲ್ಲಿ ಟ್ಯಾಸ್ಕಾಂ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಹಿಡಿಸುವ ಪೋರ್ಟಾಸ್ಟುಡಿಯೊ ಹೊರತಂದಾಗ ಲೋಕಕ್ಕೆ ಅಷ್ಟೇ ಸಾಕಾಗಿತ್ತು. ಆದರೆ 1948ರಲ್ಲೇ ಅಮೆರಿಕದ ಗಿಟಾರುಗಾರ ಲೆಸ್ ಪಾಲ್ ತನ್ನ ಮನೆಯ ಗ್ಯಾರೇಜಿನಲ್ಲಿ ಕೂತು ಎಂಟು ಗಿಟಾರುಗಳನ್ನು ಒಬ್ಬನೇ ನುಡಿಸಿ, ಒಂದರ ಮೇಲೊಂದು ಪೇರಿಸಿ ಹಾಡು ಮಾಡಿದ್ದನಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಸಮಾಧಾನ: ಎಂಟನ್ನೂ ಹಾಗೆ ನುಡಿಸಬಲ್ಲವನಿಗೆ ಎಂಟು ಕೊಡೋಣ. ಮಿಕ್ಕವರು ನಾಲ್ಕರಲ್ಲಿ ಒಂದನ್ನಾದರೂ ಶ್ರುತಿಬದ್ಧವಾಗಿ ತುಂಬಲಿ.

ಪರಂಪರಾ ವಿಚಾರ

ಮನೆಯಲ್ಲೇ ರೆಕಾರ್ಡ್ ಮಾಡುವುದೆಲ್ಲ ಪರದೇಶದ ಚಾಳಿ, ನಮ್ಮ ಸೀಮೆಗೆ ಹೊಸತು ಎನ್ನುವವರು ಇತಿಹಾಸ ಓದಿಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಸ್ವಂತ ಮನೆಯಿಂದಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ನಡೆಸಿದರು. ‘ಆಕಾಶವಾಣಿ’ ಹುಟ್ಟಿದ್ದು ಹಾಗೆ. ಮನೆ ಸ್ಟುಡಿಯೊಗೆ ಇದಕ್ಕಿಂತ ಪ್ರಬಲ ಪ್ರಮಾಣ ಬೇಕೆ? ತಿರುಮಕೂಡಲಿನ ಪಿಟೀಲು ಚೌಡಯ್ಯನವರು ಹಿಂದಿನ ಸಾಲಿನವರಿಗೆ ಕೇಳಿಸುವುದಿಲ್ಲವೆಂದು ಪಿಟೀಲಿಗೆ ಏಳು ತಂತಿ ಬಿಗಿದರು. ಸದ್ದು ಹೆಚ್ಚಿಸುವ ಸೌಲಭ್ಯಕ್ಕೆ ಅವರು ಯಾವ ತಂತ್ರಾಂಶದ ಮುಂದಿನ ಆವೃತ್ತಿಗೂ ಕಾಯಲಿಲ್ಲ. ಇನ್ನು ಜಯಚಾಮರಾಜ ಒಡೆಯರು ರಷ್ಯದ ಮೆಟ್ನರ್‌ನ ಸಂಗೀತ ಕೇಳಬೇಕೆನಿಸಿದಾಗ ಇಲ್ಲಿಂದಲೇ ದುಡ್ಡು ಕೊಟ್ಟು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದರು. ಅದು ಎಲ್ಲ ಬೇಡಿಕೆಗಳನ್ನೂ ಒಂದೇ ಏಟಿಗೆ ಪೂರೈಸುವ ವಿಧಾನ. ಪಾಳಿಯ ಸಂಬಳಕ್ಕೆ ಒಗ್ಗುವುದಿಲ್ಲವೆಂಬುದೊಂದೇ ಅದರ ಕೊರತೆ.

ಹೆಸರಿಡುವ ಸಮಸ್ಯೆಗೂ ಪರಿಹಾರ ನಮ್ಮಲ್ಲೇ ಇದೆ. ಇಂದಿನ ಗಿಟಾರುಗಾರನ ಕಂಪ್ಯೂಟರಿನಲ್ಲಿ ‘ಅನ್‌ಟೈಟಲ್ಡ್’, ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ಕಡತಗಳು ತುಂಬಿವೆ. ಯಾವುದರಲ್ಲಿ ಏನಿದೆಯೆಂದು ಕರ್ತೃವಿಗೂ ತಿಳಿಯದು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದಾಗ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಘೋಷಿಸಿದಳು. ದೂರದ ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಹಾಡಿದವರಾರೆಂದು ಗೊತ್ತಾಗಬೇಕಲ್ಲ! ಆಕೆ ಕಡೆಗಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳಾದ್ದರಿಂದ ಈ ವಿಧಾನವನ್ನು ನಾವು ಸ್ಥಳೀಯವೆಂದೇ ಪರಿಗಣಿಸುತ್ತೇವೆ. ನುಡಿಸಿ ಮುಗಿಸಿದವನು ಬಾಯಲ್ಲಿ ಹೇಳಿದ್ದನ್ನೇ ತಂತ್ರಾಂಶ ಕಡತದ ಹೆಸರಾಗಿ ಬರೆದುಕೊಳ್ಳಲಿ. “ಥೂ, ಹಾಳಾಯ್ತು” ಎಂದರೆ ಅದೇ ಹೆಸರು. ಹುಡುಕಲು ಸುಲಭ.

ಮಟ್ಟ ವಿಚಾರ

ಈಗ ಪ್ರಬಂಧದ ಪ್ರಾಣಭಾಗ. ರೆಕಾರ್ಡಿಂಗ್ ತಂತ್ರಾಂಶಗಳಲ್ಲಿ ಸದ್ದಿನ ಮಟ್ಟ ತೋರಿಸುವ ಒಂದು ಮೀಟರ್ ಇರುತ್ತದೆ. ಅದರ ತುತ್ತತುದಿ ಸೊನ್ನೆ. ಅಲ್ಲಿಂದ ಕೆಳಗೆಲ್ಲ ಮೈನಸ್ಸು. ತುಂಬಿದ್ದಕ್ಕೆ ಸೊನ್ನೆ ಎನ್ನುವ ಗಣಿತ ಯಾವ ರೈತನ ಮಗನ ತಲೆಗೂ ಹೋಗುವಂಥದ್ದಲ್ಲ. ಹಾಗೆಂದು ಅವನಿಗೆ ಮಟ್ಟ ಓದಲು ಬರುವುದಿಲ್ಲವೆ? ಮಂಡ್ಯ ಜಿಲ್ಲೆಯಲ್ಲಿ ಪತ್ರಿಕೆ ಬಿಡಿಸಿದವರು ಮೊದಲು ನೋಡುವುದೇ ಕೆಆರ್‌ಎಸ್ ಮಟ್ಟ: ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಇಷ್ಟು ನುರಿತ ಮಟ್ಟಪಾಠಕರಿಗೆ ಡೆಸಿಬೆಲ್ ಕಲಿಸಹೊರಡುವುದು ವ್ಯರ್ಥ ಪ್ರಯಾಸ.

ಆದ್ದರಿಂದ ನಮ್ಮ ಸಿದ್ಧಾಂತ: ಸೊನ್ನೆ ಡೆಸಿಬೆಲ್ ಎಂಬುದನ್ನು 124.80 ಅಡಿ ಎಂದು ತಿದ್ದತಕ್ಕದ್ದು. ಒಂದು ಡೆಸಿಬೆಲ್ಲಿಗೆ ಒಂದು ಅಡಿ. ಬಲ್ಲವರು ಗಿಟಾರಿನ ಏರುಸದ್ದು ಮೈನಸ್ 12ರಿಂದ ಮೈನಸ್ 6ರ ನಡುವೆ ಇರಲಿ ಎನ್ನುತ್ತಾರೆ. ಅದು ನಮ್ಮ ಲೆಕ್ಕದಲ್ಲಿ 112.80ರಿಂದ 118.80 ಅಡಿ. ನೆಮ್ಮದಿಯ ಮಟ್ಟ, ಕಟ್ಟು ಪದ್ಧತಿ ಇಲ್ಲದೆ ನಾಲೆಗೆ ನೀರು ಬಿಡಬಹುದು. ಫ್ಯಾನಿನ ಸದ್ದು, ಕಪ್ಪೆಯ ಸದ್ದು ಮೈನಸ್ 60ರ ಸುಮಾರಿಗಿದ್ದರೆ ಅದು 64.80 ಅಡಿ; ನಿಮ್ಮ ಹಾಡೂ ಅಲ್ಲೇ ಇದ್ದರೆ ಹೆದ್ದಾರಿಯಲ್ಲಿ ಧರಣಿ ಖಚಿತ.

ಒಂದು ಸೂಕ್ಷ್ಮ ಭೇದವನ್ನು ಮಾತ್ರ ಮರೆಯಬಾರದು. ಅಣೆಕಟ್ಟೆಗೆ ಗೇಟುಗಳಿವೆ, ಹೆಚ್ಚಾದ ನೀರು ಹೊಳೆಗೆ ಹೋಗುತ್ತದೆ. ಡಿಜಿಟಲ್ ರೆಕಾರ್ಡಿಂಗಿಗೆ ಗೇಟಿಲ್ಲ. ತುದಿ ಮೀರಿದ ಅಲೆಯ ನೆತ್ತಿಯನ್ನು ಅದು ಸಪಾಟಾಗಿ ಕತ್ತರಿಸಿಬಿಡುತ್ತದೆ, ಕರಕರ ಸದ್ದು ಉಳಿಯುತ್ತದೆ, ಆಮೇಲೆ ಯಾರಿಂದಲೂ ಪೂರ್ತಿಯಾಗಿ ಸರಿಪಡಿಸಲಾಗದು. ಕಟ್ಟೆ 124.80 ಮುಟ್ಟಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ, ಟೇಕು 124.80 ಮುಟ್ಟಿದರೆ ಇನ್ನೊಮ್ಮೆ ನುಡಿಸಬೇಕು.

ಪ್ರಕೀರ್ಣ ವಿಚಾರ

ತಂತಿ ಮೀಟಿದ್ದು ಈಗ, ಹೆಡ್‌ಫೋನಿನಲ್ಲಿ ಕೇಳಿಸಿದ್ದು ಆಮೇಲೆ. ಈ ವಿಳಂಬವನ್ನು ತಂತ್ರಾಂಶಗಳು ಮಿಲಿಸೆಕೆಂಡಿನಲ್ಲಿ ತೋರಿಸುತ್ತವೆ. ಅದು ಯಾರಿಗೂ ಬೇಡ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ ವಿಳಂಬವನ್ನು ದೂರದಲ್ಲಿ ಹೇಳುವುದೇ ನ್ಯಾಯ. ಸೆಕೆಂಡಿಗೆ 44,100 ಸ್ಯಾಂಪಲ್ಲಿನ ಲೆಕ್ಕದಲ್ಲಿ 1,024 ಸ್ಯಾಂಪಲ್ಲುಗಳನ್ನು ಕೂಡಿಡುವ ಬಫರ್ ಇಟ್ಟರೆ 23 ಮಿಲಿಸೆಕೆಂಡು, ಅಂದರೆ 8 ಮೀಟರ್. “ನಿಮ್ಮ ಗಿಟಾರು ಈಗ ಕೊಟ್ಟಿಗೆಯಲ್ಲಿದೆ” ಎಂದು ತೆರೆಯ ಮೇಲೆ ಬರಲಿ. ಬಫರ್ 256ಕ್ಕೆ ಇಳಿಸಿದರೆ 2 ಮೀಟರ್, ಗಿಟಾರು ನಡುಮನೆಗೆ ಬಂತು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು 200 ಮಿಲಿಸೆಕೆಂಡು ತಡವಾಗಿ ಕೇಳಿಸಿಕೊಳ್ಳುವವನ ಗಿಟಾರು 69 ಮೀಟರ್ ಆಚೆ ನೆಂಟರ ಮನೆಯಲ್ಲಿದೆ. ಹೋಗಿ ತರುವುದು ಒಳ್ಳೆಯದು.

ಇನ್ನೊಂದು ಅನುಭವಸಿದ್ಧ ಸತ್ಯ: ಒಳ್ಳೆಯ ನುಡಿಕೆ ಬರುವುದು ಕೆಂಪು ಗುಂಡಿ ಒತ್ತುವ ಮುಂಚೆ. ಒತ್ತಿದ ಮೇಲೆ ಬೆರಳು ಮರಗಟ್ಟುತ್ತದೆ. ಆದ್ದರಿಂದ ತಂತ್ರಾಂಶ ಕೇಳದೆಯೇ ಕಳೆದ ಐದು ನಿಮಿಷವನ್ನು ಸದಾ ನೆನಪಿನಲ್ಲಿಟ್ಟುಕೊಂಡಿರಲಿ. 16 ಬಿಟ್ಟಿನ ಒಂಟಿ ಟ್ರ್ಯಾಕಿಗೆ ಇದು ಸುಮಾರು 26 ಎಂಬಿ. ಮದುವೆ ವಿಡಿಯೊ ಇಟ್ಟುಕೊಳ್ಳುವವರಿಗೆ ಇದೊಂದು ಭಾರವಲ್ಲ. ಕರೆಂಟು ಹೋದರೂ ಅದು ಉಳಿಯಬೇಕು. ತಾಳದ ಯಂತ್ರ ನಾಲ್ಕರಾಚೆಗೂ ಎಣಿಸಲು ಕಲಿತು, ಮಿಶ್ರಛಾಪಿನ ಏಳನ್ನು ಕೇಳಿದೊಡನೆ ಕೊಡಬೇಕು. ರೈಲಿನ ಹಾರ್ನ್ ಅಳಿಸುವ ಗುಂಡಿ ಬೇಡ, ಅದು ಊರಿನ ಸಹಿ.

ಗುಂಯ್‌ಕಾರ ವಿಚಾರ

ಎಲೆಕ್ಟ್ರಿಕ್ ಗಿಟಾರನ್ನು ಕಂಪ್ಯೂಟರಿಗೆ ಸಿಕ್ಕಿಸಿದೊಡನೆ ಮೊದಲು ಕೇಳುವುದು ಗಿಟಾರಲ್ಲ, ಗುಂಯ್. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಸಣ್ಣ ತಂತಿ. ಅದರಲ್ಲೂ ಒಂಟಿ ಸುರುಳಿಯದು ಗಿಟಾರಿನ ತಂತಿಯ ಕಂಪನವನ್ನು ಹಿಡಿದಷ್ಟೇ ಶ್ರದ್ಧೆಯಿಂದ ಗೋಡೆಯೊಳಗಿನ ಕರೆಂಟನ್ನೂ ಹಿಡಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಪಾಶ್ಚಾತ್ಯ ಸ್ವರಪಟ್ಟಿಯ ಒಂದು ಜಿ ಸ್ವರ 49 ಹರ್ಟ್ಸ್. ಅಂದಮೇಲೆ ಬೆಳಗೊಳದ ಮನೆಮನೆಯ ಗೋಡೆಯೂ ಹಗಲಿರುಳು ಜಿ ಶ್ರುತಿ ಹಿಡಿದು ಕೂತಿದೆ, ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು ಏರಾಗಿ. ಗಿಟಾರನ್ನೂ ಅಷ್ಟೇ ಏರಿಸಿಕೊಂಡು ಜಿಯಲ್ಲೇ ಹಾಡು ಕಟ್ಟುವವನಿಗೆ ಚೆಸ್ಕಾಂ ಕಡೆಯಿಂದ ತಂಬೂರಿ ಪುಕ್ಕಟೆ.

ಈ 50 ಮೊದಲಿನಿಂದ ಇದ್ದದ್ದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ಕರೆಂಟು 25 ಸೈಕಲ್ಲಿನದು, ಅಂದರೆ 25 ಹರ್ಟ್ಸ್. ಆ ವಿದ್ಯುತ್ತಿಗೆ ವರ್ಷವಿಡೀ ನೀರು ಒದಗಲೆಂಬುದೂ 1911ರಲ್ಲಿ ಕನ್ನಂಬಾಡಿ ಕಟ್ಟಲು ತೊಡಗಿದ್ದಕ್ಕೆ ಒಂದು ಕಾರಣ. 25ರಲ್ಲೇ ನಿಂತಿದ್ದರೆ ಗುಂಯ್ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿದು, ನಮ್ಮ ಅಗ್ಗದ ಸ್ಪೀಕರುಗಳಿಗೆ ನಿಲುಕದ ಪಾತಾಳದಲ್ಲಿರುತ್ತಿತ್ತು. ಪ್ರಗತಿಯಿಂದ ಸಂಗೀತಕ್ಕಾದ ಈ ನಷ್ಟವನ್ನು ಅರ್ಥಶಾಸ್ತ್ರಜ್ಞರು ಲೆಕ್ಕಕ್ಕೆ ಹಿಡಿದಿಲ್ಲ.

ಗುಂಯ್ ತೆಗೆಯುವ ಸೌಲಭ್ಯ ಈಗಾಗಲೇ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಅಮೆರಿಕದ ಕರೆಂಟು 60 ಹರ್ಟ್ಸ್ ಆದ್ದರಿಂದ, ಉಚಿತವಾಗಿ ಸಿಗುವ ಹೆಸರಾಂತ ತಂತ್ರಾಂಶವೊಂದರಲ್ಲಿ ಆ ಶೋಧಕ ತೆರೆದೊಡನೆ ನಿಂತಿರುವುದು 60ರಲ್ಲಿ. ಬೆಳಗೊಳದ ಹುಡುಗ ಗುಂಡಿ ಒತ್ತುತ್ತಾನೆ. ಇಲ್ಲಿ ಇಲ್ಲದ ಗುಂಯ್ ಅಚ್ಚುಕಟ್ಟಾಗಿ ಅಳಿಸಿಹೋಗುತ್ತದೆ, ಇರುವುದು ಇದ್ದಲ್ಲೇ ಇರುತ್ತದೆ. ತಂತ್ರಾಂಶ ಬರೆಯುವ ನಮ್ಮ ಹುಡುಗ ಹುಡುಗಿಯರು ಮೈಸೂರಿನಲ್ಲೇ ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಈ ಕೆಲಸ ಕೈಗೆತ್ತಿಕೊಳ್ಳುವುದಾದರೆ ಒಂದೇ ಬಿನ್ನಹ: ಉಳಿದದ್ದೆಲ್ಲ ನಿಧಾನಕ್ಕಾಗಲಿ, ಮೊದಲು ಆ 60ನ್ನು ಅಳಿಸಿ 50 ಎಂದು ಬರೆಯಿರಿ.