ಗಲ್ಲಾ ಮಾಡವ್ರ ಗಲ್ಲಾ

ಖರೇ ಹೇಳ್ರಿ, ನಿಮ್ಮ ಗಡಗಿ ಯಾಪಾರದ ಲೆಕ್ಕ ಎಲ್ಲದ? ನೋಟ್‌ಬುಕ್ಕಿನ್ಯಾಗಾ? (ನಗಬ್ಯಾಡ್ರಿ, ಕೇಳ್ಬೇಕಲ್ಲ ಅಂತ ಕೇಳಿದೆ.) ನನಗ ಗೊತ್ತದ ಎಲ್ಲದ ಅಂತ. ಅರ್ಧ ಗ್ವಾಡಿ ಮ್ಯಾಲ ಇದ್ದಲಿಲೆ ಗೀಚೀರಿ, ಸ್ವಲ್ಪ ಕ್ಯಾಲೆಂಡರಿನ ಏಕಾದಶಿ ಚೌಕದಾಗದ, ಉಳದಿದ್ದು ತೆಲಿಯೊಳಗ. ಆ ಗ್ವಾಡಿಗೆ ದೀಪಾವಳಿ ಬಂತಂತ ನೀವೇ ಸುಣ್ಣ ಹೊಡದ್ರಿ. ಆತಲ್ಲ, ಅರ್ಧ ಊರಿನ ಉದ್ರಿ ಮಾಫ್!

ನಿಮ್ಮ ನೆನಪೇನು ಸಣ್ಣದಲ್ಲ ಬಿಡ್ರಿ. ಮೂರು ಬ್ಯಾಸಗಿ ಹಿಂದ ಸೇಡಂ ಸಂತ್ಯಾಗ ಚಿಂಚೋಳಿ ಕಡಿ ಅಕ್ಕ ಒಬ್ಬಾಕಿ ದೊಡ್ಡ ಹರವಿ ಒಯ್ದು 20 ರೂಪಾಯಿ ಬಾಕಿ ಇಟ್ಟಾಳ. ಆಕಿ ಸೀರಿ ಬಣ್ಣಾನೂ ನಿಮಗ ನೆನಪದ. ಆದ್ರ ಇವತ್ತು ಮುಂಜಾನಿ ಡಬ್ಬಿಗಿ ಕೈ ಹಾಕಿ ಒಂದು ನೂರರ ನೋಟು ತಕ್ಕೊಂಡ್ರಲ್ಲ, ಅದೆಲ್ಲಿ ಹೋತು? ಚಾಕ್ಕ? ಸುಸ್ಲಾ-ಮಿರ್ಚಿಗಾ? ಮೊಬೈಲಿಗಾ? ಮಂದಿ ಬಾಕಿ ವರ್ಷಗಟ್ಟಲೆ ನೆನಪಿರ್ತದ, ನಮ್ಮ ಕೈ ಮಾತ್ರ ಮಧ್ಯಾಹ್ನದೊಳಗ ಮರ್ತು ಹೋಗ್ತದ. ಯಾಕಿರಬಹುದು, ಹೇಳ್ರಿ ನೋಡೋಣು?

ಮಕ್ಕಳು ರೊಕ್ಕ ಕೂಡಿಡೋ ಮಣ್ಣಿನ ಗಲ್ಲಾ ನೀವೇ ಮಾಡ್ತೀರಿ. ಮ್ಯಾಲ ಒಂದೇ ಸೀಳು. ರೊಕ್ಕ ಒಳಗ ಹೋಗ್ಲಾಕ ಹಾದಿ ಅದ, ಹೊರಗ ಬರ್ಲಾಕ ಇಲ್ಲ, ಒಡದೇ ತೆಗೀಬೇಕು. ಇಷ್ಟು ಶಾಣ್ಯಾತನದ ಮಾಲು ತಯಾರ ಮಾಡೋ ನಿಮ್ಮ ಸ್ವಂತ ಗಲ್ಲಾ ಎಂಥದ್ದು? ಹಳೇ ಬಿಸ್ಕಿಟ್ ಡಬ್ಬಿ. ಮುಚ್ಚಳಾನೂ ಇಲ್ಲ. ಮಗ, ಅಳಿಯ, ಬೀಗರ ಕಡಿಯವ್ರು, ಎಲ್ಲಾರದೂ ಕೈ ಅದರಾಗ. (ನಿಮ್ಮ ಕೈ ಎಲ್ಲಾರಕಿಂತ ಮೊದಲು.)

ಕೇಳಿದ್ರ "ನಮಗ ಲೆಕ್ಕ ಬರಂಗಿಲ್ರಿ, ಸಾಲಿ ಕಲತಿಲ್ಲ" ಅಂತೀರಿ. ಈ ಮಾತು ನಾ ನಂಬಂಗಿಲ್ಲ. ಬೆರಳಿಲೆ ಮುಟ್ಟಿ ಮಣ್ಣಿನ ಹದ ಹೇಳವ್ರು ನೀವು. ಹೊಗಿ ಬಣ್ಣ ನೋಡಿ ಆವಿಗಿಯೊಳಗ ಗಡಗಿ ಎಷ್ಟು ಬೆಂದಾವ ಅಂತ ಹೇಳವ್ರು. ಇಂಥವ್ರಿಗೆ ಕೂಡಸೂದು ಕಳಿಯೂದು ಬರಂಗಿಲ್ಲಾ?

ಅದೂ ಎಂಥಾ ನೆಲದಾಗ ಕುಂತು ಹೇಳ್ತೀರಿ! ಮಳಖೇಡ ನಿಮ್ಮ ಸೇಡಂ ತಾಲೂಕಿಂದೇ. ಅಲ್ಲಿ ಆಳಿದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಾಗ, 9ನೇ ಶತಮಾನದಾಗ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರದ್ರು. ಬಡ್ಡಿ ಲೆಕ್ಕ, ಪಾಲಿನ ಲೆಕ್ಕ, ಎಲ್ಲಾ ಅದ ಅದರಾಗ. ಯಾವ ಸಂಖ್ಯಾನೇ ಇರ್ಲಿ, ಸೊನ್ನಿಲೆ ಭಾಗಿಸಿದ್ರ ಅದು ಇದ್ದಷ್ಟೇ ಇರ್ತದ ಅಂದ್ರು ಅವ್ರು. ಈಗಿನ ಗಣಿತದವ್ರು ಅದು ತಪ್ಪು ಅಂತಾರ. ಆದ್ರ ಉದ್ರಿ ಕೊಟ್ಟವ್ರನ್ನ ಕೇಳ್ರಿ: ಬಾಕಿಯನ್ನ ಯಾವುದರಿಂದ ಬೇಕಾದ್ರ ಭಾಗಿಸ್ರಿ, ಇದ್ದಷ್ಟೇ ಇರ್ತದ!

ಇನ್ನೊಂದು ಮಾತು, ಕಿವಿ ಈ ಕಡಿ ಕೊಡ್ರಿ. ಜಗತ್ತಿನಾಗ ಬಾಳ ಹಳೇ ಲೆಕ್ಕದ ಬರಹ ಸಿಕ್ಕದ್ದು ಕಾಗದದ ಮ್ಯಾಲ ಅಲ್ಲ, ನಿಮ್ಮ ಮಣ್ಣಿನ ಮ್ಯಾಲ. ಈಗಿನ ಇರಾಕಿನ ಉರುಕ್ ಅನ್ನೋ ಊರಾಗ, 5000 ವರ್ಷಕ್ಕೂ ಹಿಂದ, ಹಸಿ ಮಣ್ಣಿನ ಹಲಗಿ ಮಾಡಿ ಕಡ್ಡಿಲೆ ಗುರುತು ಕೊರದ್ರು. ಜವೆ ಎಷ್ಟು, ಕುರಿ ಎಷ್ಟು, ಕುಡ್ಯಾಕ ಬೀರ್ ಎಷ್ಟು. ಹಾಡು, ಕಥಿ ಬರದದ್ದೆಲ್ಲಾ ಆಮ್ಯಾಲ, ಮೊದಲು ಬರದದ್ದು ಮಾಲಿನ ಲೆಕ್ಕ. ಅಂಥಾ ಮಣ್ಣು ದಿನಾ ತುಳದು, ಮಿದ್ದು, ತಿಗರಿ ಮ್ಯಾಲ ಕೂಡಸ್ತೀರಿ, ಅದರ ಮ್ಯಾಲ ಒಂದು ಅಂಕಿ ಬರೀಲಿಲ್ಲ ನೀವು!

ಅಷ್ಟು ದೂರ ಯಾಕ, ಚಿತ್ತಾಪುರ ತಾಲೂಕಿನ ಸನ್ನತಿಗೆ ಹೋಗ್ರಿ. ಅಲ್ಲೇ ಹತ್ತಿರ ಭೀಮಾ ದಂಡಿ ಮ್ಯಾಲ ಕನಗನಹಳ್ಳಿ ಸ್ತೂಪದ ಕಲ್ಲು ನೋಡ್ರಿ. ಅಶೋಕನ ಹೆಸರು ಕೊರದ ಶಿಲ್ಪ ಸಿಕ್ಕದ ಅಂತ ಎಲ್ಲಾರೂ ಹೇಳ್ತಾರ. ನಾ ತೋರ್ಸೋದು ಬ್ಯಾರೇದು. ಈ ಕಲ್ಲು ಇಂಥವರ ದಾನ ಅಂತ ಎಷ್ಟೋ ಕಲ್ಲಿನ ಮ್ಯಾಲ ಬರದಾರ. ಕೊಟ್ಟವ್ರ ಹೆಸರು ಜಮಾ ಆಗೇದ, ಪಾವತಿ ಕಲ್ಲಿನ್ಯಾಗೇ ಅದ. ನೀವು ಮೊನ್ನಿ ಟ್ರ್ಯಾಕ್ಟರಿನವಗ ರೊಕ್ಕ ಕೊಟ್ರಲ್ಲ, ಚೀಟಿ ತಕ್ಕೊಂಡ್ರೇನು?

ಹಂಗಂತ ನಿಮ್ಮ ಮನ್ಯಾಗ ಲೆಕ್ಕದ ಪುಸ್ತಕ ಇಲ್ಲಂತಲ್ಲ. ಅದ! ದೀಪಾವಳಿಗೆ ಲಕ್ಷ್ಮಿ ಮುಂದ ಇಟ್ಟು ಪೂಜಾ ಮಾಡ್ಲಾಕ ಕೆಂಪು ಹೊದಿಕಿದು ಒಂದು ತರ್ತೀರಿ. ಅರಿಶಿಣ ಕುಂಕುಮ ಹಚ್ಚಿ ಮೊದಲ ಹಾಳಿ ಮ್ಯಾಲ 'ಶ್ರೀ' ಅಂತ ಬರೀತೀರಿ. ಎರಡನೇ ಹಾಳಿ ಮ್ಯಾಲ ಏನದ? ಏನೂ ಇಲ್ಲ. ಮೂರನೇದರಾಗ ಮೊಮ್ಮಗ ಆನಿ ಬಿಡಿಸ್ಯಾನ. (ಚೆಂದ ಬಂದದ, ಬೈಬ್ಯಾಡ್ರಿ.)

ಆ ಎರಡನೇ ಹಾಳಿನೇ ಸಾಕು, ನಡುವ ಒಂದು ಗೀಟು ಹೊಡೀರಿ. ಎಡಕ್ಕ ಜಮಾ, ಬಲಕ್ಕ ಖರ್ಚು. ಇದಕ್ಕ ನಮ್ಮ ಹಿರ್ಯಾರು ಕಿರ್ದಿ ಅಂದ್ರು. ದಿನಾ ರಾತ್ರಿ ಅವತ್ತಿಂದು ಅವತ್ತೇ ಬರೀಬೇಕು. ಅದರಾಗಿಂದು ಹೆಸರು ಹೆಸರಿನ ಪ್ರಕಾರ ಬ್ಯಾರೆ ಹಾಳಿಗೆ ಎತ್ತಿ ಬರದ್ರ ಖತಾವಣಿ ಆತು: ಮಣ್ಣಿನವಂದು ಒಂದು, ಟೆಂಪೋದವಂದು ಒಂದು, ಆ ಚಿಂಚೋಳಿ ಅಕ್ಕಂದೂ ಒಂದು. ಒಂದೇ ವ್ಯವಹಾರ ಎರಡು ಕಡಿ ಬರಿಯೋ ಜೋಡಿ ನಮೂದಿನ ಲೆಕ್ಕ ಮೊದಲು ಅಚ್ಚು ಹಾಕಿ ವಿವರಿಸಿದವ ಇಟಲಿಯ ಲೂಕಾ ಪಾಚಿಯೋಲಿ, 1494ರಾಗ, ವೆನಿಸಿನ್ಯಾಗ. ಅವ ಸನ್ಯಾಸಿ ನೋಡ್ರಿ. ಹೆಂಡ್ತಿ ಇಲ್ಲ, ಅಳಿಯ ಇಲ್ಲ, ಬೀಗರಿಲ್ಲ. ಅದಕ್ಕೇ ಅವನ ಲೆಕ್ಕ ತಾಳಿ ಆತು ಅಂತ ನನ್ನ ಗುಮಾನಿ.

ಈಗ ನಿಮ್ಮ ಆವಿಗಿಗೆ ಬರೋಣು. ಮಾತಿಗೆ ಹಿಡೀರಿ, ನೀರಿನ ಗಡಗಿ 100 ಸುಟ್ರಿ. ಮಣ್ಣಿಗೆ 900, ಕುಳ್ಳು ತೊಗರಿ ಕಟಗಿ ಹೊಟ್ಟಿಗೆ 1500, ಸಂತಿತನಕ ಟೆಂಪೋಕ್ಕ 600. ಒಟ್ಟು 3000. "ಗಡಗಿಗೆ 30 ಬಿತ್ತು, 80ಕ್ಕ ಮಾರ್ತೀನಿ, 50 ಲಾಭ!" ಅಂತ ಚಾದಂಗಡ್ಯಾಗ ಕುಂತು ಹೇಳ್ತೀರಿ. ಮೀಸಿ ಮ್ಯಾಲ ಕೈನೂ ಹೋಗ್ತದ.

ನಿಲ್ರಿ, ನಿಲ್ರಿ. ಆವಿಗಿ ತೆಗದಾಗ ಬಿರಕ ಬಿಟ್ಟವು ಎಷ್ಟು? 10 ಅನ್ರಿ. ಹಾದ್ಯಾಗ ತೆಗ್ಗಿನ್ಯಾಗ ಟೆಂಪೋ ಹಾರಿ ಒಡದವು 5. (ಕುಂಬಾರಗ ವರ್ಷ ದೊಣ್ಣಿಗಿ ನಿಮಿಷ ಅಂತ ಗಾದಿ ಮಾಡಿದವ್ರು ನಮ್ಮ ಕಡಿ ರೋಡ್ ನೋಡಿರ್ಲಿಲ್ಲ ಅನಸ್ತದ.) ಕೈಗೆ ಉಳದವು 85. ಇವೇ ಪೂರಾ 3000 ಹೊರಬೇಕು, ಒಂದೊಂದಕ್ಕ 35ರ ಮ್ಯಾಲ ಆತು. ವಾಡಿ, ಸೇಡಂ ಸಿಮೆಂಟ್ ಕಾರ್ಖಾನಿ ಗೇಟಿನ್ಯಾಗ ನೋಡೀರಲ್ಲ, ಲಾರಿ ಖಾಲಿ ಹೋಗುವಾಗೂ ತೂಕ, ತುಂಬಿ ಬರುವಾಗೂ ತೂಕ. ನೀವೂ ಆವಿಗಿ ಮುಚ್ಚುವಾಗ ಒಮ್ಮಿ ಎಣಸ್ರಿ, ತೆಗೆಯುವಾಗ ಒಮ್ಮಿ. ಒಡದದ್ದು ಬರೀಲಾಕ ನಾಚಿಕಿ ಯಾಕ?

ಇಷ್ಟೇ ಆಗಿದ್ರ ನಾನೂ ಸುಮ್ಮ ಕೂಡ್ತಿದ್ದೆ. ಆದ್ರ ನೀವು 8 ದಿನ ದುಡದೀರಲ್ಲ, ಆ ಕೂಲಿ ಎಲ್ಲಿ? "ನನ್ನ ಕೂಲಿ ನಾನೇ ಬರಕೋಬೇಕೇನ್ರಿ?" ಅಂತೀರಿ. ಹೌದ್ರೀ, ಬರಕೋಬೇಕು! ಇನ್ನ ನಿಮ್ಮ ಮನಿಯವ್ರು? ಮಣ್ಣು ಕುಟ್ಟಿದವ್ರು ಯಾರು, ಜರಡಿ ಹಿಡದವ್ರು ಯಾರು, ಕಾವಿ ಹಚ್ಚಿದವ್ರು, ಆವಿಗಿಗೆ ಹೊತ್ತು ಒಟ್ಟಿದವ್ರು, ಸಂತ್ಯಾಗ ಬಿಸಲಾಗ ಕುಂತು ಗಿರಾಕಿ ಸಂಗಟ ಕಟಿಬಿಟಿ ಮಾಡಿದವ್ರು ಯಾರು? ಅವರ ಹೆಸರು ನಿಮ್ಮ ಯಾವ ಹಾಳ್ಯಾಗದ?

ಉದ್ಯೋಗ ಖಾತ್ರಿ ಕೆಲಸದಾಗ 2025-26ಕ್ಕ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ಅದನ್ನೇ ಹಿಡೀರಿ. ಇಬ್ಬರು, 8 ದಿನ: 5920. ಮೊದಲಿನ 3000 ಕೂಡಸ್ರಿ, 8920. 85ರಿಂದ ಭಾಗಿಸ್ರಿ. (ಇದು ಸೊನ್ನಿ ಅಲ್ಲ, ಭಾಗ ಆಗ್ತದ.) ಒಂದು ಗಡಗಿಗೆ ಹತ್ತಿರ ಹತ್ತಿರ 105! ನೀವು ಮಾರಿದ್ದು ಎಷ್ಟಕ್ಕ? 80ಕ್ಕ. 50 ಲಾಭ ಅಂದ್ರಲ್ಲ, 25 ಲುಕ್ಸಾನ ಆತು. ಆ ಲುಕ್ಸಾನ ಎಲ್ಲಿಂದ ತುಂಬಿತು? ಮೀಸಿ ಮ್ಯಾಲಿಂದ ಕೈ ತೆಗೀರಿ, ಹೇಳ್ತೀನಿ: ಮನಿಯವ್ರ ರಟ್ಟಿಯಿಂದ.

ಅದಕ್ಕೇ ಬರೀವಲ್ರಿ ನೀವು. ಗೊತ್ತಾತು ನನಗ. ಬರದ್ರ ಅದು ಕಣ್ಣಿಗಿ ಬೀಳ್ತದ. ಗ್ವಾಡಿ ಮ್ಯಾಲಿಂದು ಸುಣ್ಣಾ ಹೊಡದು ಅಳಸಬಹುದು, ಪುಸ್ತಕದಾಗಿಂದು ಅಳಸ್ಲಾಕ ಬರಂಗಿಲ್ಲ.

ಸುಣ್ಣ ಅಂದಕೂಡ್ಲೆ ನೆನಪಾತು. ನಮ್ಮ ಕಡಿ ನೆಲದ ತುಂಬಾ ಸುಣ್ಣದ ಕಲ್ಲು. ಶಹಾಬಾದಿನ ಫರಸಿನೂ ಅದೇ ಕಲ್ಲು, ಸಿಮೆಂಟಿಗೆ ಹಾಕೋದೂ ಅದೇ. ಮಣ್ಣಿನ್ಯಾಗ ಅದರ ಹರಳು ಉಳದ್ರ ನಿಮಗ ಗೊತ್ತಲ್ಲ ಏನಾಗ್ತದ? ಆವಿಗ್ಯಾಗ ಸುಟ್ಟಾಗ ಹೊರಗ ಏನೂ ಕಾಣಂಗಿಲ್ಲ. ಗಡಗಿ ಠಣ್ ಅಂತದ, ಗಿರಾಕಿ ಬಾರಿಸಿ ನೋಡಿ ಒಯ್ತಾನ. ಒಳಗ ಹರಳು ಸುಟ್ಟ ಸುಣ್ಣ ಆಗಿ ಕುಂತಿರ್ತದ. ಗಾಳಿಯೊಳಗಿನ ಹಸಿ ಹೀರಿಕೋತ ಹೀರಿಕೋತ ಉಬ್ಬಿ, ಒಂದಿನ ಪಟ್ ಅಂತ ಚಿಪ್ಪು ಹಾರ್ತದ.

ನಿಮ್ಮ ಉದ್ರಿನೂ ಹಂಗೇ ಅಲ್ಲೇನ್ರಿ? ಕೊಟ್ಟ ದಿನ ಯಾಪಾರ ಆತು ಅಂತ ಖುಷಿ. "ತೊಗರಿ ರಾಶಿ ಆದ್ಮ್ಯಾಲ ಕೊಡ್ತೀನೋ ಕಾಕಾ" ಅಂತಾರ, ನೀವು "ಒಯ್ಯೋ ತಮ್ಮಾ" ಅಂತೀರಿ. ಮೊದಲು ಇದು ನಡೀತಿತ್ತು, ಯಾಕಂದ್ರ ರಾಶಿಗೆ ಕಣಕ್ಕೇ ಹೋಗಿ ಆಯದ ಕಾಳು ತರ್ತಿದ್ರು ಹಿರ್ಯಾರು. ಮದಿವಿ ಇದ್ರ ಐರಾಣಿ ಗಡಗಿಗೆ ಅಕ್ಕಿ ಬ್ಯಾಳಿ ಕಾಯಿ ಕೊಟ್ಟು ಒಯ್ತಿದ್ರು. ಈಗ ಕಣಾನೂ ಇಲ್ಲ, ಮಷೀನ್ ಬಂದು ಒಂದೇ ದಿನಕ್ಕ ಕೆಲಸ ಮುಗಸ್ತದ. ಆಯ ಹೋತು, ಉದ್ರಿ ಅಷ್ಟೇ ಉಳೀತು.

ಹಂಗಂತ ಉದ್ರಿ ಕೊಡಲೇಬ್ಯಾಡ್ರಿ ಅನ್ನವ ನಾ ಅಲ್ಲ. (ಕೊಡಲಿಲ್ಲಂದ್ರ ಆ ಊರಾಗ ಮುಂದ ನೀರು ಕೇಳ್ಲಾಕ ಮಾರಿ ಬೇಕಲ್ಲ.) ಮಣ್ಣಿಗೆ ಜರಡಿ ಹಿಡದಂಗ ಇದಕ್ಕೂ ಹಿಡೀರಿ ಅಂದೆ. ಒಯ್ದವನ ಹೆಸರು, ತಾರೀಖು, ಎಷ್ಟು, ಯಾವಾಗ ಕೊಡ್ತೀನಿ ಅಂದ. ಮುಂದ ಅವನ ಸಹಿ ಬ್ಯಾಡ, ಅವನ ಮುಂದ ಬರದ್ರ ಸಾಕು. ಪೆನ್ನು ತೆಗದಕೂಡ್ಲೆ ಅರ್ಧ ಮಂದಿ ಕಿಸೆದಾಗ ರೊಕ್ಕ ಸಿಕ್ಕುಬಿಡ್ತದ, ಬೇಕಾದ್ರ ನೋಡ್ರಿ.

"ಈಗೇನ್ರಿ, ಫೋನಿನ್ಯಾಗೇ ಎಲ್ಲಾ ಬರ್ತದ" ಅಂದ್ರಿ? ಬರ್ತದ, ಅರ್ಧ. ಆ ಮಾತಾಡೋ ಡಬ್ಬಿ ಇಟ್ಟೀರಲ್ಲ, ಎಂಬತ್ತು ರೂಪಾಯಿ ಬಂತು ಅಂತ ಇಡೀ ಸಂತಿಗೆ ಒದರ್ತದ. ಮಗ ಬಂದು 200 ಒಯ್ದಾಗ ಒದರ್ತದೇನು? ಬಾಯಿ ಮುಚ್ಕೊಂಡು ಕುಂದರ್ತದ. ಜಮಾ ಅಷ್ಟೇ ಸಾರ್ತದ, ಖರ್ಚಿಗೆ ಮೂಕ. (ನಿಮ್ಮಂಗೇ ಅದ, ಪಾಪ.) ಆದ್ರೂ ತಿಂಗಳಿಗೊಮ್ಮಿ ಬ್ಯಾಂಕಿನ ಸ್ಟೇಟ್‌ಮೆಂಟ್ ತಗೀರಿ, ಕಿರ್ದಿ ಸಂಗಟ ತಾಳಿ ನೋಡ್ರಿ.

ಸರಕಾರ ಬೆನ್ನು ಹತ್ತೇದ ಅಂತ ಅಂಜಬ್ಯಾಡ್ರಿ ಮತ್ತ. ಮಣ್ಣಿನ ಗಡಗಿ, ಹಣತಿಗೆ ಜಿಎಸ್‌ಟಿ ಇಲ್ಲ. ಉಲ್ಟಾ ಕೊಡ್ಲಾಕ ನಿಂತದ: 2023ರ ಸೆಪ್ಟೆಂಬರ್ 17ಕ್ಕ ಶುರುವಾದ ಪಿಎಂ ವಿಶ್ವಕರ್ಮ ಯೋಜನಾದ 18 ಕಸಬಿನ್ಯಾಗ ಕುಂಬಾರಿಕಿನೂ ಅದ. ತರಬೇತಿಗಿ ದಿನಕ್ಕ 500, ಸಾಮಾನಿಗಿ 15,000, ಶೇಕಡಾ 5ರ ಬಡ್ಡಿಲೆ ಮೊದಲ ಸಾಲ 1 ಲಕ್ಷತನಕ. ತಗೋರಿ. ಆದ್ರ ಆ ಲಕ್ಷ ಬಿಸ್ಕಿಟ್ ಡಬ್ಬಿಗಿ ಮಾತ್ರ ಹಾಕಬ್ಯಾಡ್ರಿ, ನಿಮಗ ಕೈ ಮುಗೀತೀನಿ. ತಿಗರಿ ಬರೋದ್ರೊಳಗ ಅದು ಮದಿವಿ ಖರ್ಚಾಗಿರ್ತದ.

ನಾಳಿಂದ ಶುರು ಮಾಡ್ತೀನಿ ಅಂದ್ರೇನು? ಯಾವ ನಾಳಿ? ಮಣ್ಣೆತ್ತಿನ ಅಮಾಸಿ ಮುಗೀಲಿ, ಗಣಪತಿ ಹೋಗ್ಲಿ, ಹಣತಿ ಸೀಜನ್ ಆಗ್ಲಿ, ಬ್ಯಾಸಗಿ ಗಡಗಿ ಖಾಲಿಯಾಗ್ಲಿ... ಗೊತ್ತದ ನಿಮ್ಮ ಪಂಚಾಂಗ. ಇವತ್ತೇ ಆಗ್ಲಿ, ನಾ ಇಲ್ಲೇ ಕುಂತೀನಿ. ಆ ಆನಿ ಚಿತ್ರದ ಹಿಂದಿನ ಹಾಳಿ ತೆಗೀರಿ. ಮುಂಜಾನಿ 100 ಯಾತಕ್ಕ ಹೋತು, ಅದನ್ನೇ ಮೊದಲು ಬರೀರಿ. ನೆನಪಿಲ್ಲಾ? 'ನೆನಪಿಲ್ಲ, 100' ಅಂತೇ ಬರೀರಿ, ನಡೀತದ.

ಪೆನ್ನು ಹುಡಕ್ಲಾಕತ್ತೀರೇನು? ಕಿವಿ ಮ್ಯಾಲ ಅದ ನೋಡ್ರಿ. ಹಾಂ. ಮತ್ತ ಜರಾ ಮೆಲ್ಲಗ ಮಾತಾಡ್ರಿ, ಒಳಗ ಮಣ್ಣು ಮಿದೀತಿದ್ದ ಸಪ್ಪಳ ನಿಂತದ. ಮನಿಯವ್ರು ಬಾಗಲಿಗಿ ಬಂದು ನಿಂತಾರ, ಕೈಯೆಲ್ಲಾ ಕೆಸರು, "ಎಂಟು ದಿನಕ್ಕ ನನ್ನ ಪಾಲಿಂದು ಎಷ್ಟಂದ್ರೀ?" ಅಂತ ಕೇಳ್ಲಾಕತ್ತಾರ. 2960 ಅಂತ ನೀವೇ ಹೇಳ್ತೀರೋ, ನಾ ಹೇಳ್ಲೋ?